ಮೂರು ಚೀಲ ಪುಸ್ತಕ, ಒಂದು ‘ಪರವಾ’

"ಮಕ್ಕಳಿಗಿ ಕೊಡೋ ಪುಸ್ತಕ ಹರಿಯಾಕತ್ತೀರಲ್ರಿ... ಮನಸರ ಹ್ಯಾಂಗ ಬರ್ತದ ನಿಮಗ?"

ಬಸವಕಲ್ಯಾಣದ ಆ ಬೈಂಡಿಂಗ್ ಅಂಗಡಿಯ ಬಾಗಿಲಲ್ಲಿ ನಿಂತು ಮನೀಷಾ ಸಿಡಿದದ್ದು ಎರಡು ವರ್ಷದ ಹಿಂದೆ. ಹುಮನಾಬಾದಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ ಅವಳು. ರವಿವಾರ ಬಂತೆಂದರೆ ಊರೂರು, ಮನೆಮನೆ ತಿರುಗಿ ಮಕ್ಕಳಿಗಾಗಿ ಹಳೆಯ ಕಥೆಪುಸ್ತಕ ಕೂಡಿಸುವ ಹುಚ್ಚು.

ಅಂಗಡಿಯವನು ತಲೆ ಎತ್ತಲಿಲ್ಲ. ಹುಲಸೂರಿನ ಜ್ಞಾನೇಶ್ವರ ಅವನು.

"ಬಿಚ್ಚಲಾರದ ಹೊಲಿಯಾಕ ಬರೂದಿಲ್ರಿ ಟೀಚರ್. ಸಂಜಿಕ ಬರ್ರಿ."

ಸಂಜೆ ಬಂದು ನೋಡಿದರೆ ಅವಳು ಹೊಲಿಯಲು ಕೊಟ್ಟಿದ್ದ ಹದಿನೇಳು ಪುಸ್ತಕಗಳು ಹೊಸ ರಟ್ಟು ಹೊದ್ದು ಕುಳಿತಿದ್ದವು. ಅವಳು ನಾಚಿಕೆಯಿಂದ ತಲೆ ತಗ್ಗಿಸಿ ಒಂದೊಂದನ್ನೇ ಚೀಲಕ್ಕೆ ತುಂಬಿಕೊಂಡಳು. ಪ್ರೀತಿ ಶುರುವಾದದ್ದು ಅಲ್ಲೇ ಎಂದರೆ ಅವಳು ಒಪ್ಪುವುದಿಲ್ಲ. ಆದರೆ ಖರೆ ಅದೇ.

ಇವತ್ತು ಅದೇ ಅಂಗಡಿಯ ಬೆಂಚಿನ ಮೇಲೆ ಕುಳಿತವಳಿಗೆ ಸಿಡಿಯಲೂ ತ್ರಾಣವಿರಲಿಲ್ಲ.

ಬೆಳಗಿನಿಂದ ನಲವತ್ತು ಬಾಗಿಲು ಬಡಿದಿದ್ದಳು. ಮೂರು ಚೀಲ ತುಂಬಿತ್ತು, ನಿಜ. ಒಂದರ ತುಂಬ ಪೊಲೀಸ್ ಭರ್ತಿಯ ಹಳೆಯ ಗೈಡು. ಇನ್ನೊಂದರಲ್ಲಿ ಡೈರಿ, ಪಂಚಾಂಗ, ಯಾರದೋ ಮದುವೆ ಕಾರ್ಡು. ಒಬ್ಬ ಅಜ್ಜಿ ಕರೆಂಟ್ ಬಿಲ್ಲುಗಳನ್ನೂ ಪ್ರೀತಿಯಿಂದ ಸೇರಿಸಿದ್ದಳು. ಮಕ್ಕಳು ಓದುವಂಥವು ಮೂರನೆಯ ಚೀಲದ ತಳದಲ್ಲಿ, ಬರೀ ಒಂಬತ್ತು. ಅವೂ ಹರಿದಿದ್ದವು.

ಸಾಕಾಗಿಹೋಗಿದೆ... ಕಾಲಿಗೂ, ಮನಸ್ಸಿಗೂ.

ಜ್ಞಾನೇಶ್ವರನ ಮುಖ ನೋಡಬಾರದು ಅಂದುಕೊಂಡಿದ್ದಳು. ಎಂಟು ದಿನದ ಹಿಂದೆ ಅವಳೇ ನಾಚಿಕೆ ಬಿಟ್ಟು ಅವನಿಗೆ ಮೆಸೇಜ್ ಹಾಕಿದ್ದಳು, ಬರೆದು ಅಳಿಸಿ, ಅಳಿಸಿ ಬರೆದು: ‘ಗಂಡಿನವರು ನನ್ನ ಒಪ್ಪ್ಯಾರ. ನೀವು ಬಂದು ಅಪ್ಪಾಜಿ ಜೊತಿ ಮಾತಾಡದಿದ್ರ ನಾ ಹೂಂ ಅನ್ನಬೇಕಾಗ್ತದ.’

ಉತ್ತರ ಒಂದೇ ಶಬ್ದ. ‘ಪರವಾ.’

ಪರವಾ ಇಲ್ಲ ಅನ್ನುವುದನ್ನೂ ಪೂರ್ತಿ ಬರೆಯಲಾರದಷ್ಟು ಹಗುರಾದೆನೇ ನಾನು? ಅವಳು ಮೂರು ದಿನ ಫೋನ್ ಬಂದ್ ಮಾಡಿ ಮಲಗಿದ್ದಳು. ಇವತ್ತು ಸಂಜೆ ಅಪ್ಪ ಮಹಾರುದ್ರಪ್ಪ ಗಂಡಿನವರಿಗೆ ಮಾತು ಕೊಡುವವರಿದ್ದರು.

"ಈ ಒಂಬತ್ತು ಹೊಲಿದು ಕೊಡ್ರಿ," ಎಂದಳು. "ಇನ್ನ ಮುಂದ ನಾ ಬರೂದಿಲ್ಲ."

ಜ್ಞಾನೇಶ್ವರ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದ, "ಮದುವಿ ನಿಕ್ಕಿ ಆತೇನ್ರಿ?"

"ನಿಮಗೇನು ಪರವಾ ಇಲ್ಲಲ್ಲ. ಮತ್ತ ಯಾಕ ಕೇಳ್ತೀರಿ?"

"ಹಂಗಂತ ನಾ ಯಾವಾಗ ಅಂದೆ?"

ಅವಳು ಫೋನ್ ತೆಗೆದು ಮುಂದೆ ಹಿಡಿದಳು. ಅವನು ಬಗ್ಗಿ ತನ್ನದೇ ಮೆಸೇಜ್ ಓದಿದ. ದಾರ ಸೂಜಿಯಿಂದ ಜಾರಿತು.

"ನಮ್ಮ ಮನ್ಯಾಗ ಮರಾಠಿ ಮಾತಾಡ್ತೀವಲ್ರಿ... ಪರವಾ ಅಂದ್ರ ನಾಡದ. ನಾಳಿ ಬಿಟ್ಟು ನಾಡದ ಬರ್ತೀನಿ ಅಂತ ಬರದೆ. ಮನಿ ಕುರಿ ಯಾರಿಗರ ಒಪ್ಪಿಸಿ ಬರಾಕ ಅವ್ವಗ ಒಂದು ದಿನ ಬೇಕಿತ್ತು."

"ಬಂದಿದ್ರೇನು?"

"ಬಂದಿದ್ವಿ. ಹುಮನಾಬಾದ ಬಸ್‌ಸ್ಟ್ಯಾಂಡಿನಾಗ ಮಧ್ಯಾಹ್ನ ತನಕ ಕೂತಿದ್ವಿ. ನಿಮ್ಮ ಫೋನ್ ಬಂದ್ ಇತ್ತು. ಹುಡುಗಿಗಿ ಮನಸಿಲ್ಲ, ನಡಿ ಅಂದ್ಲು ಅವ್ವ."

ಮನೀಷಾ ಕಣ್ಣು ಮುಚ್ಚಿಕೊಂಡಳು. ಊರ ಮಕ್ಕಳಿಗೆಲ್ಲ ಓದು ಕಲಿಸುವವಳು ಒಂದು ಶಬ್ದ ಓದಲಾರದೆ ಎಂಟು ದಿನ ಅತ್ತಿದ್ದಳು.

"ಇನ್ನೊಂದೆರಡು ಅಕ್ಷರ ಬರದಿದ್ರ ನಿಮ್ಮ ಬೆರಳು ಸವೀತಿದ್ವೇನ್ರಿ?"

"ನಿಮಗ ಬರಿಯೋ ಮುಂದ ಅಂಜಿಕಿ ಬರ್ತದ್ರಿ. ಕನ್ನಡ ತಪ್ಪಾದ್ರ ಟೀಚರ್ ನಗ್ತಾರ ಅಂತ..."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು. ಅವನು ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, ನೀರಿನ ಬಾಟಲಿ ಕೊಟ್ಟ.

"ಅಪ್ಪಾಜಿ ಸಂಜಿಕ ಮಾತು ಕೊಡ್ತಾರ," ಎಂದಳು.

ಅವನು ಅಂಗಡಿಯ ಶಟರ್ ಎಳೆದ. "ಮೂರೂವರಿ ಬಸ್ ಅದ. ನಡೀರಿ."

"ಕುರಿ ಕಾಯೋ ಮನಿ ಅಂತ ಬೈತಾರ."

"ಬೈಲಿ. ಖರೇನೇ ಅದ. ಕೂತು ಕೇಳ್ತೀನಿ."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವಳ ತಲೆ ತಾನಾಗಿ ಅವನ ಹೆಗಲಿಗೆ ಒರಗಿತು. ಎಷ್ಟು ದಣಿದಿದ್ದೆ ಎಂಬುದು ಆಗಲೇ ಅವಳಿಗೆ ತಿಳಿದದ್ದು.

"ಮಲ್ಕೋರಿ. ಊರು ಬಂದ್ರ ಎಬ್ಬಸ್ತೀನಿ," ಎಂದ ಜ್ಞಾನೇಶ್ವರ. "ಅಪ್ಪಾಜಿಗಿ ಏನಂತ ಶುರು ಮಾಡ್ಲಿ?"

"ನೀವು ಸುಮ್ನ ಕೂಡ್ರಿ. ನಿಮ್ಮದು ಅರ್ಧಕ್ಕ ನಿಲ್ಲೋ ಮಾತು," ಅವಳು ಕಣ್ಣು ತೆರೆಯಲಿಲ್ಲ. "ಇವರನ್ನ ಬಿಟ್ಟು ಯಾರನ್ನೂ ಮಾಡ್ಕೋಳಂಗಿಲ್ಲ ಅಂತ ನಾನೇ ಹೇಳ್ತೀನಿ."