ಹೆಬ್ಬೆರಳಿನ ಹೊಳಪು

"ಹತ್ತು ಅಂತ ಒತ್ತಿದ್ರೆ ನೂರು ಬೀಳುತ್ತೆ ಕಣ್ರೀ!" ಎಂದು ಕೂಗಿಕೊಂಡೇ ಆಕೆ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ನಾನಿನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ. ಹಿಂದಿನ ಸಂಜೆ ನಮ್ಮಲ್ಲೇ ಕೊಂಡಿದ್ದ ತೆಳ್ಳನೆಯ ಹಳೇ ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟರು. "ಡಾಕ್ಟರು ಹೇಳಿದ್ದನ್ನ ಕೇಳಿ ರಿಪೋರ್ಟ್ ಟೈಪ್ ಮಾಡೋಳು ನಾನು. ಸೊನ್ನೆ ಎರಡೆರಡು ಸಲ ಬೀಳುತ್ತೆ. ಹತ್ತು ಮಿಲಿಗ್ರಾಂ ಔಷಧಿ ನೂರಾಗಿತ್ತು. ಕಳಿಸೋ ಮುಂಚೆ ಕಣ್ಣಿಗೆ ಬಿತ್ತು, ಇಲ್ದಿದ್ರೆ ಯಾರದೋ ಜೀವ ಹೋಗ್ತಿತ್ತು."

ಅಂಗಡಿಯ ಯಜಮಾನ ಕೀ ಒತ್ತಿ ನೋಡುವ ಗೋಜಿಗೇ ಹೋಗಲಿಲ್ಲ. ಯಂತ್ರವನ್ನು ಮಗುಚಿ ಹಾಕಿ, ತಳದ ಚೀಟಿಯಲ್ಲಿದ್ದ ನಂಬರನ್ನು ಬಿಲ್ಲಿನ ನಂಬರಿಗೆ ಹೋಲಿಸಿದ. ಎರಡೂ ಒಂದೇ. ಸ್ಕ್ರೂ ಮೇಲೆ ನಾವು ಅಂಟಿಸುವ ಕಾಗದದ ಸೀಲು ಹರಿದಿರಲಿಲ್ಲ.

"ಯಂತ್ರ ನಮ್ದೇ," ಅಂದವನು ನನ್ನ ಕಡೆ ತಿರುಗಿದ. "ಒಳ್ಳೇ ಕೀಬೋರ್ಡ್ ಎಬ್ಬಿಸಿ ಗುಜರಿದು ಕೂರಿಸಿದ್ದೀಯ. ಯಾರಿಗೆ ಕೊಟ್ಟೆ?"

"ನಾನ್ಯಾಕೆ ಮಾಡ್ಲಿ?"

"ಈ ಅಂಗಡೀಲಿ ಸ್ಕ್ರೂಡ್ರೈವರ್ ಹಿಡಿಯೋ ಕೈ ಒಂದೇ ಇರೋದು. ಮಧ್ಯಾಹ್ನದೊಳಗೆ ತಂದಿಡು. ಇಲ್ಲಾಂದ್ರೆ ಈ ಬೀದೀಲಿ ಯಾವ ಅಂಗಡಿಯವನೂ ನಿನ್ನ ಒಳಗೆ ಬಿಟ್ಟುಕೊಳ್ಳದ ಹಾಗೆ ಮಾಡ್ತೀನಿ."

ಒಂಬತ್ತನೇ ಕ್ಲಾಸಿಗೆ ಪುಸ್ತಕ ಮಡಚಿಟ್ಟವನು ನಾನು. ನನ್ನ ಹತ್ತಿರ ಇದ್ದದ್ದು ಈ ಎರಡು ಕೈ, ಅವಕ್ಕೆ ಈ ಬೀದಿಯಲ್ಲಿದ್ದ ಒಳ್ಳೇ ಹೆಸರು, ಅಷ್ಟೇ. ಬಾಗಿಲು ಒದ್ದು ಕೆಳಗಿಳಿದೆ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೇಷ್ಟ್ರು ಇದ್ದರು. ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದವರು. ಈಗ ಅವರ ಹತ್ತಿರ ಉಳಿದದ್ದು ಒಂದು ಮಂಚ ಮತ್ತು ಒಂದು ಟೈಪ್‌ರೈಟರ್. ಕಟ್ಟಡದಲ್ಲಿ ಯಾರದು ಏನು ಕಳೆದರೂ ಮೊದಲು ತಟ್ಟುವುದು ಅವರ ಬಾಗಿಲನ್ನು. ಮೀಟರ್ ಪೆಟ್ಟಿಗೆಯ ತಂತಿ ಕದ್ದವನಿಂದ ಹಿಡಿದು ದರ್ಜಿಯ ಕತ್ತರಿಯವರೆಗೆ ಎಲ್ಲವನ್ನೂ ಕೂತಲ್ಲೇ ಪತ್ತೆ ಮಾಡಿದ್ದರು. ನಮ್ಮಲ್ಲಿ ಕೊಳ್ಳುವವರೂ ಕೀಬೋರ್ಡ್ ಹೇಗಿದೆ ಅಂತ ಅವರ ಹತ್ತಿರವೇ ತೋರಿಸುತ್ತಿದ್ದರು. ಕಣ್ಣು ಮುಚ್ಚಿ ಪ್ರತಿ ಕೀಯ ಮೂಲೆ ಒತ್ತುವರು. ಎಷ್ಟು ಆಳಕ್ಕೆ ಹೋಗುತ್ತೆ, ಎಷ್ಟು ಚುರುಕಾಗಿ ಬೆರಳನ್ನು ಮೇಲೆ ತಳ್ಳುತ್ತೆ, ನಡುವೆ ಕೀಗಳ ಅಡಿಯ ಹಾಸು ಕುಸಿಯುತ್ತಾ, ಎಲ್ಲ ನೋಡಿ "ಹೂಂ" ಅಥವಾ "ಬೇಡ". ಆಕೆಯ ಯಂತ್ರಕ್ಕೂ ಹಿಂದಿನ ಸಂಜೆ "ಹೂಂ" ಅಂದವರು ಅವರೇ.

ಆಕೆ ಯಂತ್ರ ಹಿಡಿದು ನನ್ನ ಹಿಂದೆಯೇ ಇಳಿದು ಬಂದಿದ್ದರು. ಮೇಷ್ಟ್ರು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಸಾಲು ಬಡಿದರು. ಮುಖ ಸೊಟ್ಟಗಾಯಿತು. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಸ್ಪೇಸ್ ಬಾರ್ ಮೇಲೆ ಬೆರಳಾಡಿಸಿದರು.

"ಇದು ಬಿಚ್ಚೋಕೆ ಎಷ್ಟು ಹೊತ್ತು ಬೇಕಪ್ಪಾ?"

"ಕೀಬೋರ್ಡಾ? ತಳದಿಂದ ಹೋಗಬೇಕು. ಬ್ಯಾಟರಿ, ಫ್ಯಾನು, ಬೋರ್ಡು ಎಲ್ಲ ಕಿತ್ತ ಮೇಲೆ ಅದು ಸಿಗೋದು. ನನಗೇ ಅರ್ಧ ದಿನ."

"ತಳದ ತಟ್ಟೆ ಮಾತ್ರ?"

"ಐದು ಸ್ಕ್ರೂ. ಅದನ್ನ ಯಾರು ಬೇಕಾದ್ರೂ ತೆಗೀತಾರೆ."

"ನಿನ್ನೆ ಇಲ್ಲಿಂದ ಇದನ್ನ ಪ್ಯಾಕ್ ಮಾಡೋಕೆ ಮೇಲೆ ತಗೊಂಡು ಹೋದವನು ಬಾಮೈದ. ಯಜಮಾನನೂ ಈಯಮ್ಮನೂ ಇಲ್ಲೇ ಕಾಲು ಗಂಟೆ ಚೌಕಾಸಿ ಮಾಡ್ತಿದ್ರು. ನೀನೆಲ್ಲಿದ್ದೆ?"

ಬಾಮೈದ ಅಂದರೆ ಯಜಮಾನನ ಹೆಂಡತಿಯ ತಮ್ಮ, ಕೌಂಟರಿನಲ್ಲಿ ಕೂರುವವನು. "ನಾನು ಹಿಂದಿನ ಕೋಣೇಲಿ ಬೇರೆ ಯಂತ್ರದ ಕೆಲಸದಲ್ಲಿದ್ದೆ."

"ಸೀಲು ಎಲ್ಲಿರುತ್ತೆ?"

ಅದನ್ನು ಕೇಳಿ ಮೈ ಉರಿಯಿತು. "ಯಜಮಾನ ನನ್ನ ಕೈಗೆಲ್ಲಿ ಕೊಡ್ತಾನೆ? ಒಂದೊಂದೇ ಹರಿದು ಭಿಕ್ಷೆ ಹಾಕಿದ ಹಾಗೆ ಹಾಕ್ತಾನೆ. ರೋಲು ಡ್ರಾಯರಲ್ಲಿ, ಬೀಗದೊಳಗೆ. ಕೀ ಅವನ ಸೊಂಟದಲ್ಲೊಂದು, ಬಾಮೈದನ ಹತ್ರ ಒಂದು."

ಮೇಷ್ಟ್ರು ತಮ್ಮ ಟೈಪ್‌ರೈಟರಿನ ಕಡೆ ತಿರುಗಿ ನೋಡಿದರು. ಈಚೆಗೆ ದಿನಾ ಬೆಳಿಗ್ಗೆ ನಾನು ಶಟರ್ ಎತ್ತಲು ಬರುವಾಗ ಅದರ ಸದ್ದು ಕೇಳುತ್ತಿತ್ತು. ತಡವರಿಸುವ ಬೆರಳು, ನಿಂತು ನಿಂತು ಬೀಳುವ ಅಕ್ಷರ. ಮೇಷ್ಟ್ರಿಗೂ ವಯಸ್ಸಾಯಿತು ಅಂದುಕೊಂಡಿದ್ದೆ.

"ಎಲ್ಲರನ್ನೂ ಕರಿ," ಅಂದರು. ದನಿಯಲ್ಲಿ ಗೆದ್ದವನ ಲವಲವಿಕೆ ಇರಲಿಲ್ಲ.

ಯಜಮಾನ ಬಾಗಿಲಲ್ಲೇ ನಿಂತ. ಬಾಮೈದ ಗೋಡೆಗೊರಗಿದ. ಮಂಚದ ತುದಿಯಲ್ಲಿ ಆಕೆ ಕೂತರು.

"ಪತ್ತೇದಾರಿಕೆ ಶುರುನಾ ಮೇಷ್ಟ್ರೇ? ನನಗೆ ಗಿರಾಕಿಗಳಿದ್ದಾರೆ," ಅಂದ ಯಜಮಾನ.

"ಇರೋ ಗಿರಾಕೀನ ಮೊದಲು ನೋಡಪ್ಪ." ಮೇಷ್ಟ್ರು ಯಂತ್ರವನ್ನು ಎತ್ತಿ ಹಿಡಿದರು. "ಈ ಸ್ಪೇಸ್ ಬಾರ್ ನೋಡು. ಬಲಗಡೆ ಹೊಳೀತಾ ಇದೆ. ಇದನ್ನ ಮೊದಲು ಇಟ್ಟುಕೊಂಡಿದ್ದೋನು ಬಲ ಹೆಬ್ಬೆರಳಲ್ಲಿ ಹೊಡೀತಿದ್ದ. ನಿನ್ನೆ ನಾನು ಹೂಂ ಅಂದದ್ದರಲ್ಲಿ ಹೊಳಪು ಎಡಕ್ಕಿತ್ತು. ಯಾಕೆ ನೆನಪಿದೆ ಅಂದ್ರೆ, ಈಯಮ್ಮನೂ ಎಡ ಹೆಬ್ಬೆರಳಿನೋರು. ಜೋಡಿ ಸರಿಹೋಯ್ತು ಅಂತ ಹೇಳಿದ್ದೆ."

"ಹೌದು, ಹೇಳಿದ್ರಿ," ಅಂದರು ಆಕೆ.

"ಅದನ್ನೇ ನಾನೂ ಹೇಳಿದ್ದು! ಇವನು ಕೀಬೋರ್ಡ್ ಬದಲಿಸಿದ್ದಾನೆ!"

"ಕಾಲು ಗಂಟೇಲಾ? ಅದಕ್ಕೆ ಅರ್ಧ ದಿನ ಬೇಕು. ಕೀಬೋರ್ಡ್ ಬದಲಾಗಿಲ್ಲ, ಯಂತ್ರಕ್ಕೆ ಯಂತ್ರವೇ ಬದಲಾಗಿದೆ. ನಿಮಗೆಲ್ಲ ಒಂದು ಚಟ. ಯಂತ್ರ ಬಂದ್ರೆ ಮೊದಲು ಮಗುಚಿ ಹಾಕ್ತೀರಿ. ನಿಮ್ಮ ಪಾಲಿಗೆ ಅದರ ಗುರುತು ತಳದ ಚೀಟಿ, ಬೆರಳಾಡೋ ಜಾಗ ಅಲ್ಲ. ಒಂದೇ ಆಫೀಸಿಂದ ಬಂದ ಒಂದೇ ಮಾಡೆಲ್ ಹತ್ತು ಇದ್ವು ಮೇಲೆ. ಎರಡರ ತಳದ ತಟ್ಟೆ ಅದಲು ಬದಲು ಮಾಡಿದ್ರೆ ನಿಮ್ಮ ಕಣ್ಣಿಗೆ ಏನೂ ಆಗೇ ಇಲ್ಲ."

ನನ್ನ ಕಡೆ ನೋಡಿದರು. "ಬೆಳಿಗ್ಗೆ ಬಾಗಿಲು ಒದೆಯೋ ಬದಲು ಇದರ ಸ್ವಿಚ್ ಒತ್ತಿದ್ರೆ ನೀನೇ ಹಿಡೀತಿದ್ದೆ. ಬೋರ್ಡಿನ ಒಳಗೂ ನಂಬರ್ ಇರುತ್ತಲ್ವಾ?"

ಕಿವಿ ಬಿಸಿಯಾಯಿತು. ಯಂತ್ರ ಆನ್ ಮಾಡಿ ಸೆಟ್ಟಿಂಗಿನ ಕಪ್ಪು ಪರದೆ ತೆರೆದೆ. ಒಳಗಿನ ನಂಬರ್ ಒಂದು, ತಳದ ಚೀಟಿಯದು ಇನ್ನೊಂದು. ಯಜಮಾನ ಬಗ್ಗಿ ಎರಡೆರಡು ಸಲ ಓದಿದ.

"ಹಂಗಾದ್ರೂ ಇವನೇ..." ಎಂದು ಶುರುಮಾಡಿದ.

"ತಟ್ಟೆ ತೆಗೆದ್ರೆ ಸೀಲು ಹರಿಯುತ್ತೆ. ಎರಡು ಯಂತ್ರ, ಎರಡು ಹೊಸ ಸೀಲು. ಇವನಿಗೆ ನೀನು ಒಂದಾದ್ರೂ ಹೆಚ್ಚಿಗೆ ಕೊಟ್ಟಿದ್ದೀಯಾ? ನಿನ್ನ ಅಪನಂಬಿಕೇನೇ ಇವನ ಸಾಕ್ಷಿ. ಡ್ರಾಯರಿನ ಕೀ ಇರೋದು ಇಬ್ಬರ ಹತ್ರ. ನೀನು ನನ್ನ ಕಣ್ಮುಂದೆ ಇದ್ದೆ."

ಯಾರೂ ಬಾಮೈದನ ಕಡೆ ತಿರುಗಬೇಕಾಗಿರಲಿಲ್ಲ. ಅವನೇ ಗೋಡೆಯಿಂದ ಬೆನ್ನು ಕಿತ್ತು ನೆಲ ನೋಡುತ್ತಿದ್ದ.

"ಕಾರಣ ಹೇಳೋಕೆ ನನಗೆ ಇಷ್ಟವಿಲ್ಲ," ಅಂದರು ಮೇಷ್ಟ್ರು. "ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಇಲ್ಲಿ ಕೂತು ಟೈಪ್ ಕಲೀತಿದ್ದಾನೆ. ಒಳ್ಳೇ ಕೀಬೋರ್ಡ್ ಹೇಗಿರುತ್ತೆ ಅಂತ ಕಲಿಸಿದ್ದೂ ನಾನೇ."

"ಸೋಮವಾರ ಕೆಲಸಕ್ಕೆ ಟೈಪಿಂಗ್ ಪರೀಕ್ಷೆ ಇದೆ ಭಾವ." ಬಾಮೈದನ ದನಿ ಕ್ಷೀಣವಾಗಿತ್ತು. "ಈ ಅಕ್ಕನ ಆಫೀಸಲ್ಲೇ. ಸ್ವಂತ ಯಂತ್ರ ತರಬೇಕಂತೆ. ಹತ್ತರಲ್ಲಿ ಬೆರಳಿಗೆ ಹಿಡಿಸಿದ್ದು ಅದೊಂದೇ. ಮೇಲಿನ ಕಪಾಟಲ್ಲಿ ಬಚ್ಚಿಟ್ಟಿದ್ದೆ, ಇವರು ಹುಡುಕಿ ತೆಗೆದ್ರು. ಇನ್ನೊಂದರ ಸೊನ್ನೆ ಕೆಟ್ಟಿದೆ ಅಂತ ನನಗೆ ಗೊತ್ತಿರಲಿಲ್ಲ. ನಿಜವಾಗ್ಲೂ."

"ಅಂಗಡೀಲಿ ನಿನಗೇನು ಕಮ್ಮಿ ಮಾಡಿದ್ದೀನೋ?"

"ನೀವು ದಿನಾ ಇವನಿಗೆ ಒಂದೊಂದೇ ಸೀಲು ಎಣಿಸಿ ಕೊಡೋದು ನೋಡ್ತೀನಲ್ಲ," ಅಂದ ಅವನು. "ಕೀ ಇದ್ರೂ ನನ್ನ ಹತ್ರಾನೂ ಲೆಕ್ಕ ಕೇಳ್ತೀರಿ. ಸಾಕಾಗಿತ್ತು."

ಇದನ್ನು ಮಾಡಿದವನ ಕೆನ್ನೆಗೆ ಬಾರಿಸಬೇಕು ಅಂತ ಬೆಳಿಗ್ಗೆಯಿಂದ ಮುಷ್ಟಿ ಬಿಗಿ ಹಿಡಿದಿದ್ದೆ. "ನನ್ನ ತಲೆಗೆ ಕಟ್ಟುವಾಗ ಬಾಯಿ ಬಿದ್ದುಹೋಗಿತ್ತೇನೋ ನಿನಗೆ?" ಅಂದೆ. ಅವನು ಮೇಲೆ ಹೋಗಿ ತನ್ನ ಚೀಲದಿಂದ ಒಳ್ಳೇ ಯಂತ್ರ ತಂದು ಮಂಚದ ಮೇಲಿಟ್ಟ. ಸ್ಪೇಸ್ ಬಾರಿನ ಎಡಗಡೆ ಸಣ್ಣ ಹೊಳಪು. ಆಕೆ ತೊಡೆಯ ಮೇಲಿಟ್ಟುಕೊಂಡು ಬಡಿದರು. ಕೋಣೆಯ ತುಂಬ ಒಂದೇ ಸಮನೆ ಬೀಳುವ ಸದ್ದು, ಎಲ್ಲೂ ತಡವರಿಕೆ ಇಲ್ಲ. ಬಾಮೈದ ಆ ಸದ್ದನ್ನೇ ಕೇಳುತ್ತಾ ನಿಂತಿದ್ದ. ಹೊಡೆಯಬೇಕೆಂದಿದ್ದ ನನ್ನ ಕೈ ತಾನಾಗಿ ಸಡಿಲವಾಯಿತು. ಅದಕ್ಕೂ ಸಿಟ್ಟು ಬಂತು.

ಅಲ್ಲೇ ಕೂತು ತಟ್ಟೆಗಳನ್ನು ಆಯಾ ಯಂತ್ರಕ್ಕೆ ಹಾಕಿದೆ. ಐದು ಸ್ಕ್ರೂ, ಮತ್ತೆ ಐದು. ಮುಗಿಸಿ ಯಜಮಾನನ ಮುಂದೆ ಕೈ ಚಾಚಿದೆ.

ಅವನು ತಪ್ಪಾಯ್ತು ಅನ್ನಲಿಲ್ಲ. ಅನ್ನುವ ಜಾತಿಯೇ ಅಲ್ಲ. ಮೇಲೆ ಹೋಗಿ ರೋಲು ತಂದ. ಎರಡು ಸೀಲು ಹರಿದು ನನ್ನ ಅಂಗೈ ಮೇಲೆ ಹಾಕಿದ.

ಅಂಟಿಸಿದೆ. ಮತ್ತೆ ಕೈ ಚಾಚಿದೆ.

"ಇನ್ನೇನು?"

"ರೋಲು."

ತನ್ನ ಯಂತ್ರ ಎತ್ತಿಕೊಳ್ಳುತ್ತಿದ್ದ ಆಕೆ ಅಲ್ಲೇ ತಡೆದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಇದ್ದರು, ಆದರೆ ಕೇಳಿಸಿಕೊಳ್ಳುತ್ತಿದ್ದರು. ಯಜಮಾನ ನನ್ನನ್ನು ನೋಡಿದ, ಬಾಮೈದನನ್ನು ನೋಡಿದ. ಆಮೇಲೆ ಭಾರದ ಸಾಮಾನು ಇಳಿಸುವವನ ಹಾಗೆ ರೋಲನ್ನು ನನ್ನ ಅಂಗೈಯಲ್ಲಿಟ್ಟ.

ಅದರ ತೂಕ ಏನೂ ಇರಲಿಲ್ಲ. ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಕಪಾಟಿನಲ್ಲಿ ಇನ್ನೂ ಎಂಟು ಯಂತ್ರ ಇದ್ದವು. ಸೋಮವಾರದೊಳಗೆ ಅವುಗಳಲ್ಲಿ ಒಂದರ ಕೀಬೋರ್ಡನ್ನಾದರೂ ಸರಿ ಮಾಡಬೇಕಿತ್ತು. ಯಾರಿಗಾಗಿ ಅಂತ ಯಾರಾದರೂ ಕೇಳಿದ್ದರೆ ಆಗ ಒದ್ದೇಬಿಡುತ್ತಿದ್ದೆ.