ಗುಂಡ ಇನ್ನೂ ಬೊಗಳುತ್ತಾನೆ

ಮೊದಲ ದಿನ ಟ್ರೈನರ್ ನಮ್ಮ ನಾಯಿಯನ್ನು ಮುಟ್ಟಲೇ ಇಲ್ಲ. ನೆಲದ ಮೇಲೆ ಕೂತು ಬಿಸ್ಕತ್ತು, ಚೆಂಡು, ಹಗ್ಗ ಹರಡಿದರು.

"ಗುಂಡನಿಗೆ ಏನಿಷ್ಟ?"

ನನಗೆ ಗೊತ್ತಿರಲಿಲ್ಲ. ಅವನು ನನ್ನ ಗಂಡ ಸಾಕಿದ ನಾಯಿ. ಗಂಡ ತೀರಿಕೊಂಡು ಎರಡು ವರ್ಷ. ಊಟ ಹಾಕುವುದು, ಹೊರಗೆ ಕರೆದೊಯ್ಯುವುದು ಬಿಟ್ಟರೆ ಅವನ ಇಷ್ಟಾನಿಷ್ಟ ನಾನು ವಿಚಾರಿಸಿರಲಿಲ್ಲ.

ಲಿಫ್ಟ್‌ನಲ್ಲಿ ಯಾರನ್ನು ಕಂಡರೂ ಗುಂಡ ಮೈಮೇಲೆ ಬೀಳುವಂತೆ ಬೊಗಳುತ್ತಿದ್ದ. ತಿಂಗಳ ಕೊನೆಯ ಶನಿವಾರದೊಳಗೆ, ನಾಯಿ ಸುಧಾರಿಸಿದೆ ಎಂದು ಟ್ರೈನರ್ ಬರೆದುಕೊಡಬೇಕು. ಇಲ್ಲವಾದರೆ ಅದನ್ನು ಬೇರೆಡೆ ಕಳಿಸಿ ಎಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ನೋಟಿಸ್ ಕೊಟ್ಟಿದ್ದರು.

ಗುಂಡ ಬಿಸ್ಕತ್ತು ಮೂಸಿ ಬಿಟ್ಟ. ಬಾಗಿಲ ಹಿಂದಿದ್ದ ಮಡಚುವ ಕೊಡೆಯನ್ನು ಕಚ್ಚಿಕೊಂಡು, ಕತ್ತೆತ್ತಿ ಮನೆಯೆಲ್ಲ ಸುತ್ತಿದ.

"ಅಯ್ಯೋ, ನನ್ನ ಕೊಡೆ!" ಅತ್ತೆ ಕೂಗಿದರು.

"ಬಿಡಿ ಅಮ್ಮ, ಅವನೇ ಹೇಳ್ಬಿಟ್ಟ," ಟ್ರೈನರ್ ನಕ್ಕರು. "ಇವನಿಗೆ ಏನಾದ್ರೂ ಹೊತ್ಕೊಂಡು ಓಡಾಡೋದು ಇಷ್ಟ. ಸುಮ್ನೆ ಬೈಯೋದ್ಯಾಕೆ? ಲಿಫ್ಟ್ ಬಂದ ತಕ್ಷಣ ಕೊಡೆ ಕೊಡಿ. ಬಾಯ್ತುಂಬ ಕೆಲಸ ಇದ್ರೆ ಬೊಗಳೋಕೆ ಪುರುಸೊತ್ತೆಲ್ಲಿ?"

"ಹಾಗೇ ನನ್ನ ಸೊಸೆಗೆ ಏನಿಷ್ಟ ಅಂತಾನೂ ಸ್ವಲ್ಪ ನೋಡಪ್ಪ. ನನ್ನ ಹತ್ರ ಬಾಯೇ ಬಿಡಲ್ಲ."

ನಾನು ಅಡುಗೆಮನೆಗೆ ಹೋದೆ. ಟ್ರೈನರ್ ನನ್ನ ಕಡೆ ನೋಡಲಿಲ್ಲ. ನೋಡದಿರಲು ಕೊಂಚ ಕಷ್ಟಪಡುತ್ತಿದ್ದರು.

ದಿನವೂ ಸಂಜೆ ಆರಕ್ಕೆ ಬರುತ್ತಿದ್ದರು. ಕೊಡೆಯನ್ನು ಎಂದೂ ಕಿತ್ತುಕೊಳ್ಳುತ್ತಿರಲಿಲ್ಲ. ಗುಂಡ ತಾನಾಗಿ ಬಿಡುವವರೆಗೆ ಅಂಗೈ ಚಾಚಿ ಕಾಯುತ್ತಿದ್ದರು. ಐದೂವರೆಯಿಂದಲೇ ನನ್ನ ಕಿವಿ ಬಾಗಿಲ ಕಡೆ.

ಕೊನೆಯ ವಾರದ ಭಾನುವಾರ ಬೆಳಿಗ್ಗೆ ಲಿಫ್ಟ್‌ನಲ್ಲಿ ಮೂವರಿದ್ದರು. ಗುಂಡ ಬೊಗಳಲಿಲ್ಲ. ಕೊಡೆ ಕಚ್ಚಿಕೊಂಡು ಆಫೀಸಿಗೆ ಹೊರಟವನಂತೆ ನಿಂತಿದ್ದ. ಕಲಿತುಬಿಟ್ಟ. ಇನ್ನು ಅವರು ಬರುವುದಿಲ್ಲ.

"ಹೇಗಿದ್ದಾನೆ?" ಸಂಜೆ ಕೇಳಿದರು.

"ಇನ್ನೂ ಬೊಗಳ್ತಾನೆ," ಅಂದೆ.

ಸೋಮವಾರವೂ ಅದನ್ನೇ ಅಂದೆ. ಮಂಗಳವಾರವೂ. ಗುರುವಾರದ ಹೊತ್ತಿಗೆ ಊಟ ಸೇರುತ್ತಿರಲಿಲ್ಲ. ನನ್ನ ಸುಳ್ಳು ನಂಬಿ ಅವರು ಬರೆದುಕೊಡದಿದ್ದರೆ ಗುಂಡ ಹೋಗುತ್ತಾನೆ. ನಿಜ ಹೇಳಿದರೆ ಇವರು. ಗಂಡ ಹೋದಾಗಲೂ ಇಷ್ಟು ಹೆದರಿರಲಿಲ್ಲ. ಆಗ ಏನೂ ಅನಿಸಿರಲಿಲ್ಲ.

ಶನಿವಾರ ಅವರು ಶೂ ಕಳಚುವ ಮೊದಲೇ ಬಾಗಿಲಲ್ಲಿ ಹೇಳಿಬಿಟ್ಟೆ. "ಅವನು ಬೊಗಳಲ್ಲ. ಭಾನುವಾರದಿಂದಾನೇ. ನಾನು ಸುಳ್ಳು ಹೇಳ್ದೆ. ಪ್ಲೀಸ್, ಈಗಲೇ ಬರ್ಕೊಡಿ, ಸೆಕ್ರೆಟರಿ ಆರೂವರೆಗೆ ಹೊರಟುಹೋಗ್ತಾರೆ."

"ಸುಳ್ಳು ಯಾಕೆ ಹೇಳಿದ್ರಿ?"

"ನೀವು ಬರ್ಲಿ ಅಂತ."

ಅವರ ಕಿವಿ ಕೆಂಪಾಯಿತು. "ಸೆಕ್ರೆಟರಿಗೆ ಸೋಮವಾರಾನೇ ಬರ್ದು ಕೊಟ್ಬಿಟ್ಟಿದ್ದೀನಿ," ಎಂದರು. "ಭಾನುವಾರ ಬೆಳಿಗ್ಗೆ ಇಲ್ಲೇ ಇನ್ನೊಂದು ಮನೆಗೆ ಬಂದಿದ್ದೆ, ಕೆಳಗೆ ಮೆಟ್ಟಿಲ ಹತ್ರ ಇದ್ದೆ. ಲಿಫ್ಟ್ ತೆಗೀತು, ನೀವಿಬ್ರೂ ಅಷ್ಟು ಜನರ ಮಧ್ಯೆ ತೆಪ್ಪಗೆ ನಿಂತಿದ್ರಿ. ನೀವು ನನ್ನ ನೋಡ್ಲಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಬಂದ್ರಿ?"

"ಇನ್ನೂ ಬೊಗಳ್ತಾನೆ ಅಂದ್ರಲ್ಲ. ನಂಗೆ ಅಷ್ಟು ಸಾಕಿತ್ತು."

"ಬಾಗಿಲಲ್ಲೇ ನಿಲ್ಸಿ ಮಾತಾಡ್ಸಬೇಡ ಕಣೇ, ಒಳಗೆ ಕರಿ," ಅತ್ತೆ ಒಳಗಿನಿಂದ ಗದರಿದರು.

ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಪಕ್ಕಕ್ಕೆ ಸರಿದೆ.