ಉರುಳೆಯ ಮೇಲೆ ಕಳೆದುಹೋದ ಶಕ್ತಿ

ಎಪ್ಪತ್ತು ಅಶ್ವಶಕ್ತಿ ಕಾಣೆಯಾಗಿತ್ತು.

ನಖೋನ್ ಪಥೋಮ್‌ನ ತನ್ನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಸಮ್ರುವೈ ಎಂಜಿನ್ನಿನ ಶಕ್ತಿ ಅಳೆದಾಗ ಆ ರೇಸ್ ಪಿಕಪ್ ನಾನೂರ ಹತ್ತು ತೋರಿಸಿತ್ತು. ಮರುದಿನ ರಾಚ್ಚಬುರಿಯ ಇನ್ನೊಂದು ಗ್ಯಾರೇಜಿನಲ್ಲಿ ಮುನ್ನೂರ ನಲವತ್ತು. ಚಕ್ರ ತಿರುಗಿಸುವ ಬಲ, ಟಾರ್ಕ್ ಕೂಡ ಅದೇ ಪ್ರಮಾಣದಲ್ಲಿ ಕುಸಿದಿತ್ತು. ಗಾಡಿಯನ್ನು ಲಾರಿಗೆ ಹೇರಿಕೊಂಡು ವಾಪಸ್ ಬಂದ ಒಡೆಯ ವಿಸಿತ್, ಅಳೆದಾದ ಮೇಲೆ ಎಂಜಿನ್ನಿಗೆ ಗಾಳಿ ಒತ್ತುವ ಹೊಸ ಟರ್ಬೊ ಕದ್ದು ಹಳೆಯದನ್ನು ಕೂರಿಸಿದ್ದೀರಿ ಎಂದು ಎಲ್ಲರೆದುರೇ ಆಡಿಬಿಟ್ಟ.

ಸಮ್ರುವೈ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಈ ಹುಡುಗನಿಗೂ, ತೀರಿಹೋದ ಇವನ ಅಣ್ಣನಿಗೂ ಗಾಡಿ ಓಡಿಸಲು ಕಲಿಸಿದವನು ತಾನೇ. ಕಳ್ಳ ಅನ್ನಿಸಿಕೊಂಡ ಮೇಲೆ ಭಾನುವಾರದ ರೇಸಿಗೆ ಯಾವ ಮುಖ ಹೊತ್ತು ಹೋಗುವುದು?

ಕೊನೆಗೆ ಸೋಮ್ಸಿರಿಗೆ ಹೇಳಿಕಳಿಸಿದರು. ವಿಮೆಗಾಗಿ ನಡೆಯುವ ವಾಹನದ ಮೋಸಗಳನ್ನು ಪತ್ತೆಮಾಡುವುದೇ ಆಕೆಯ ಕೆಲಸ. ಇಬ್ಬರಿಗೂ ಆಕೆಯ ಮಾತಿನಲ್ಲಿ ನಂಬಿಕೆ. ಆಕೆ ಮೊದಲು ಟರ್ಬೊ ಬಿಚ್ಚಿಸಿದಳು. ಹೊಸದೇ. ಮತ್ತೆ ಜೋಡಿಸಿ, ಅಳೆಯಿರಿ ಎಂದಳು. ಸಮ್ರುವೈ ಹಿಂದಿನ ಚಕ್ರಗಳನ್ನು ಕಳಚಿ ಗೋಡೆಗೊರಗಿಸಿ, ಶಕ್ತಿ ಅಳೆಯುವ ತನ್ನ ಯಂತ್ರವನ್ನು ನೇರವಾಗಿ ಆಕ್ಸಲ್ಲಿಗೆ ಬಿಗಿದ. ನಾನೂರ ಎಂಟು.

"ಹಾಗಾದ್ರೆ ಈ ಯಂತ್ರಾನೇ ಸುಳ್ಳು ಹೇಳ್ತಿದೆ," ಎಂದ ವಿಸಿತ್.

"ಅಲ್ಲಿ ಹೇಗೆ ಅಳೆದ್ರು?" ಸೋಮ್ಸಿರಿ ಕೇಳಿದಳು.

"ಚಕ್ರದ ಸಮೇತ ಅಳತೆ ಯಂತ್ರದ ಉರುಳೆ ಮೇಲೆ ನಿಲ್ಲಿಸಿ, ಪಟ್ಟಿ ಬಿಗಿದು," ಎಂದ ವಿಸಿತ್.

ಉರುಳೆಯ ಮೇಲೆ ಟೈರು ಒಂದಿಷ್ಟು ಶಕ್ತಿ ತಿಂದೇ ತಿನ್ನುತ್ತದೆ, ಆದರೆ ಮೂವತ್ತೋ ನಲವತ್ತೋ, ಎಪ್ಪತ್ತಲ್ಲ ಎಂದ ಸಮ್ರುವೈ.

"ಅಳೆಯೋಕೆ ಮುಂಚೆ ಗಾಡಿ ಹತ್ರ ಯಾರಿದ್ರು?"

ನಾನೂ ಅಲ್ಲಿಯ ಕೆಲಸಗಾರರೂ ನೂಡಲ್ ಸಾರು ಕುಡಿಯಲು ಹೋಗಿದ್ದೆವು, ಒಳ್ಳೆಯದಾಗಲೆಂದು ಗಾಡಿಯ ಕನ್ನಡಿಗೆ ಮಲ್ಲಿಗೆ ಮಾಲೆ ಕಟ್ಟಲು ಅಮ್ಮ ಮಾತ್ರ ಉಳಿದಿದ್ದರು ಎಂದ ವಿಸಿತ್. ಮೂಲೆಯ ಬೆಂಚಿನಲ್ಲಿ ಕೂತಿದ್ದ ತಾಯಿ ಲಮ್ದುವನ್ ತಲೆಯೆತ್ತಲಿಲ್ಲ.

ಸೋಮ್ಸಿರಿ ಗೋಡೆಯತ್ತ ನಡೆದಳು. ಒಂದು ಟೈರಿನ ಗಾಳಿ ಅಳೆದಳು. ಇನ್ನೊಂದರದ್ದೂ.

"ಎಲ್ರೂ ಎಂಜಿನ್ ನೋಡಿದ್ವಿ. ಚಕ್ರ ಯಾರೂ ನೋಡ್ಲಿಲ್ಲ. ಎರಡರಲ್ಲೂ ಗಾಳಿ ಅರ್ಧಕ್ಕಿಂತ ಕಮ್ಮಿ ಇದೆ. ಮೆತ್ತಗಾದ ಟೈರು ಉರುಳೆ ಮೇಲೆ ಹಿಸುಕ್ಕೊಂಡು ಶಕ್ತಿ ನುಂಗತ್ತೆ. ಪಟ್ಟಿ ಬಿಗಿದಾಗ ಟೈರು ಹೇಗೂ ಪಕ್ಕಕ್ಕೆ ಉಬ್ಬತ್ತಲ್ಲ, ಅದಕ್ಕೇ ಅಲ್ಲಿ ಯಾರಿಗೂ ಅನುಮಾನ ಬರ್ಲಿಲ್ಲ. ಇಲ್ಲಿ ಅಳೆಯುವಾಗ ಟೈರೇ ಇಲ್ಲ, ನಷ್ಟಾನೂ ಇಲ್ಲ."

"ಮೊಳೆ ಚುಚ್ಚಿರಬಹುದಲ್ಲ?" ಎಂದ ವಿಸಿತ್.

"ಮೊಳೆ ಚುಚ್ಚಿದ್ರೆ ಒಂದು ಇಳಿಯತ್ತೆ. ಎರಡೂ ಒಂದೇ ಸಮ ಇಳಿದಿದೆ ಅಂದ್ರೆ— ಯಾರೋ ಬಿಟ್ಟಿದ್ದಾರೆ." ಆಕೆ ಬೆಂಚಿನ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತಳು. ದನಿ ತಗ್ಗಿತು. "ಅಲ್ಲಿ ಒಬ್ಬರೇ ಇದ್ದೋರು ನೀವು, ಅಮ್ಮ."

ಲಮ್ದುವನ್ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡರು.

"ಭಾನುವಾರ ಅದೇ ಟ್ರ್ಯಾಕು. ದೊಡ್ಡವನು ಜೀವ ಬಿಟ್ಟಿದ್ದು ಅಲ್ಲೇ. ಗಾಡೀಲಿ ದಮ್ಮಿಲ್ಲ ಅಂತ ಗೊತ್ತಾದ್ರೆ ಇವನು ರೇಸಿಗೆ ಇಳಿಯಲ್ಲ ಅಂದ್ಕೊಂಡೆ. ಸಮ್ರುವೈ, ನಿನ್ನ ತಲೆಗೆ ಕಟ್ತಾನೆ ಅಂತ ಹೊಳೀಲಿಲ್ಲ ಕಣಪ್ಪ. ಆಮೇಲೆ ನಿಜ ಹೇಳೋಕೆ ಬಾಯಿ ಬರ್ಲಿಲ್ಲ."

ಸಮ್ರುವೈಗೆ ಸಿಟ್ಟು ಬರಲಿಲ್ಲ. ಆ ದೊಡ್ಡ ಹುಡುಗನ ಎಂಜಿನ್ನನ್ನೂ ಕಟ್ಟಿದ್ದು ತನ್ನ ಕೈಗಳೇ ಎಂಬುದು ನೆನಪಾಯಿತು.

ವಿಸಿತ್ ಅವನ ಮುಂದೆ ಬಂದು, ಹಣೆ ತಾಗುವಂತೆ ಕೈಮುಗಿದು ಕ್ಷಮೆ ಕೇಳಿದ. ಸಮ್ರುವೈ ಅವನ ಕೈ ಇಳಿಸಿ, ಗಾಳಿ ತುಂಬಿ ಚಕ್ರ ಹಾಕಿಕೊಡಲೇ ಎಂದು ಕೇಳಿದ.

ವಿಸಿತ್ ತಾಯಿಯ ಕಡೆ ನೋಡಿದ.

"ಬೇಡ ದೊಡ್ಡಪ್ಪ," ಎಂದ. "ಭಾನುವಾರದ ರೇಸು ಕಳೀಲಿ."